ಅಪ್ಪಲಮ್ಮ ಯಾರ ಮಗಳು?

ಮಗನ ಮದುವೆಗೆ ವಾರವಿರುವಾಗ ಬೀಗಿತ್ತಿ ಪುಷ್ಪವಲ್ಲಿ ಕ್ವಾಲಾಲಂಪುರದಿಂದ ಒಂದು ಪೆಟ್ಟಿಗೆ ಹೊತ್ತು ತಂದಳು. ಒಳಗೆ ಕೆಂಪು ರೇಷ್ಮೆಯ ಚೀನೀ ನಿಲುವಂಗಿ, ನನ್ನ ಅಳತೆಯದೇ. ಅರಿಶಿನ ಹಚ್ಚುವ ನಲಂಗಿನ ದಿನ ನಾನು ಇದನ್ನು ತೊಟ್ಟು ಕುರ್ಚಿಯಲ್ಲಿ ಕೂರಬೇಕಂತೆ, ಮದುಮಕ್ಕಳು ಮಂಡಿಯೂರಿ ಚೀನೀ ಪದ್ಧತಿಯಲ್ಲಿ ಚಹಾ ಕೊಡುತ್ತಾರಂತೆ.

"ನಿಮ್ಮ ಸಂಪ್ರದಾಯಕ್ಕೂ ಮರ್ಯಾದೆ ಕೊಡ್ಬೇಕಲ್ವಾ ಬೀಗ್ರೇ?" ಎಂದಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ನನ್ನ ಮೈಯೆಲ್ಲ ಉರಿದುಹೋಯಿತು.

ನನ್ನ ಮುಖ ಚೀನೀಯರದು, ಒಪ್ಪುತ್ತೇನೆ. ನಮ್ಮ ಮನೆಯಲ್ಲೂ ಕನ್ನಡಿ ಇದೆ. ಚೀನೀ ಪಂಚಾಂಗದ ಹುಲಿ ವರ್ಷದಲ್ಲಿ ಹುಟ್ಟಿದ ಹೆಣ್ಣು ಮನೆಗೆ ಕೇಡು ಎಂದು ಹೆತ್ತವರು ನನ್ನನ್ನು ಬಾಗಾನ್ ದಾತೋ ಊರಿನ ತೆಂಗಿನ ತೋಟದ ತೆಲುಗು ಕೂಲಿ ಪೈಡಮ್ಮನ ಮಡಿಲಿಗೆ ಹಾಕಿ ಹೋದರು. ಆಗ ಹಾಗೆ ಬಂದ ಹುಡುಗಿಯರು ಎಷ್ಟೋ ತೋಟಗಳಲ್ಲಿದ್ದರು. ಪೈಡಮ್ಮ ನನಗೆ ಅಪ್ಪಲಮ್ಮ ಎಂದು ಹೆಸರಿಟ್ಟು, ತೆಲುಗಿನಲ್ಲಿ ಬೈದು, ತೆಲುಗಿನಲ್ಲೇ ಮುದ್ದಾಡಿ ಬೆಳೆಸಿದಳು. ತಮಿಳು ಭಾಷೆ ತೋಟದ ಶಾಲೆಯಲ್ಲಿ ಬಂತು, ತಮಿಳು ಗಂಡನ ಜೊತೆ ಜಗಳವಾಡಿ ಗಟ್ಟಿಯಾಯಿತು. ಮಲಾಯ್ ಭಾಷೆ ಸಂತೆಯಲ್ಲಿ ಕಲಿತೆ. ಚೀನೀ ಭಾಷೆಯೋ, ಒಂದಕ್ಷರ ಬಾರದು. ನನ್ನ ವಡೆ ಅಂಗಡಿಗೆ ಬರುವ ಚೀನೀ ಮುದುಕರು ಬಾಯ್ತುಂಬ ಮಾತಾಡಿಸುತ್ತಾರೆ. ಇನ್ನೊಂದು ವಡೆ ಬೇಕಾ ಎಂದು ನಾನು ತಮಿಳಿನಲ್ಲಿ ಕೇಳುತ್ತೇನೆ.

ನನಗೆ ಬೇಕಿದ್ದದ್ದು ಒಂದೇ. ನಮ್ಮಮ್ಮನ ಕಡೆ ನಲಂಗಿನ ಮೊದಲ ಅರಿಶಿನ ತಾಯಿಯದು, ಅದನ್ನು ಹಾಡುತ್ತ ಹಚ್ಚಬೇಕು. ನೆರೆದ ಹೆಂಗಸರು ಹಾಡಿನಲ್ಲೇ ಕೇಳುತ್ತಾರೆ: ಈ ಹುಡುಗ ಯಾರ ಮಗ? ಅವನ ತಾಯಿ ಯಾರ ಮಗಳು? ತಾಯಿಯಾದವಳು ಹಿಂದಿನವರ ಹೆಸರುಗಳನ್ನೆಲ್ಲ ಹಾಡಿ ಹೇಳಬೇಕು. ನನ್ನ ಮದುವೆಯಲ್ಲಿ ಪೈಡಮ್ಮ ಹಾಡಿದ್ದಳು. ಮಗ ತಿನಾಗರನ್ ಚಿಕ್ಕವನಿದ್ದಾಗ ಎಣ್ಣೆಸ್ನಾನ ಮಾಡಿಸುತ್ತ ನಾನೂ ಇದನ್ನೇ ಹಾಡುತ್ತಿದ್ದೆ.

ಬೀಗಿತ್ತಿಗೆ ಇದು ಹಿಡಿಸಲಿಲ್ಲ. ತಮಿಳರ ಮದುವೆಯಲ್ಲಿ ತೆಲುಗು ಹಾಡೇ, ಅದೂ ಈ ಮುಖ ಇಟ್ಟುಕೊಂಡು ಹಾಡಿದರೆ ಜನ ನಗುವುದಿಲ್ಲವೇ ಎಂದಳು. ಹೊರಗಿನವರ ಮಾತು, ಕೊಡವಿಕೊಂಡೆ. ಆದರೆ ಮಗ ತಲೆ ತಗ್ಗಿಸಿಕೊಂಡು, "ಒಂದಿನದ ಮಾತಮ್ಮ. ಆ ಚೀನೀ ಅಂಗೀನೇ ಹಾಕ್ಕೊಂಡು ಕೂತ್ಬಿಡು," ಎಂದ. ಅದು ಮಾತ್ರ ಎದೆಗೆ ನಾಟಿತು. ನನ್ನ ಮಗನಿಗೂ ನಾನು ಮುಖ ಮಾತ್ರವೇ?

ನಲಂಗಿನ ದಿನ ಪೈಡಮ್ಮನ ಹಳೆಯ ಹತ್ತಿ ಸೀರೆ ಉಟ್ಟು ಛತ್ರಕ್ಕೆ ಹೋದೆ. ಚಹಾದ ತಟ್ಟೆ ಬಂತು. ತೆಗೆದು ಪಕ್ಕಕ್ಕಿಟ್ಟೆ. ಪುಷ್ಪವಲ್ಲಿಯ ಮುಖ ಕಪ್ಪಿಟ್ಟಿತು. ಮಣೆಯ ಮೇಲೆ ಕೂತ ಮಗನ ಕೆನ್ನೆಗೆ ಅರಿಶಿನ ಮುಟ್ಟಿಸಿ ಹಾಡು ಎತ್ತಿಕೊಂಡೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇನ್ನಷ್ಟು ಗಟ್ಟಿಯಾಗಿ ಹಾಡಿದೆ.

ಆದರೆ ಒಂದೇ ಕೈಯಿಂದ ಚಪ್ಪಾಳೆ ಆದೀತೇ? ಪ್ರಶ್ನೆ ಕೇಳಬೇಕಾದ ತೆಲುಗು ಹೆಂಗಸರೇ ಅಲ್ಲಿಲ್ಲ. ಈ ಹುಡುಗ ಯಾರ ಮಗ ಎಂದು ನಾನೇ ಕೇಳಿದೆ, ಅಪ್ಪಲಮ್ಮನ ಮಗ ಎಂದು ನಾನೇ ಹೇಳಿದೆ. ಮುಂದಿನ ಪ್ರಶ್ನೆ ಬಾಯಿಗೆ ಬರಲಿಲ್ಲ.

ಪುಷ್ಪವಲ್ಲಿ ನನ್ನ ಕೈ ಹಿಡಿದಳು. "ಸಾಕು ಬೀಗ್ರೇ. ನಿಮ್ಮ ಸ್ವಂತ ತಾಯಿ ಯಾರೂಂತ ನಿಮಗೇ ಗೊತ್ತಿಲ್ಲ, ಹಾಡಿ ಏನ್ ಹೇಳ್ತೀರಿ?"

ನಾನು ಕೈ ಕೊಸರಿಕೊಂಡೆ. ಅರಿಶಿನ ಅವಳ ಬಳೆಗಳಿಗೂ ಮೆತ್ತಿತು.

ಆಗ ಮಣೆಯ ಮೇಲಿನಿಂದ ಒಂದು ಒಡಕು ದನಿ ಎದ್ದಿತು. ರಾಗ ತಪ್ಪಿತ್ತು, ತೆಲುಗು ತೊದಲುತ್ತಿತ್ತು. ತಿನಾಗರನ್ ತಲೆಯೆತ್ತಿ, ಅತ್ತೆಯ ಕಡೆ ತಿರುಗಿಯೂ ನೋಡದೆ, ನನ್ನನ್ನೇ ನೋಡುತ್ತ ಕೇಳುತ್ತಿದ್ದ: "ಅಪ್ಪಲಮ್ಮ ಯಾರ ಮಗಳು?"

ಕಣ್ಣೊರೆಸಿಕೊಳ್ಳೋಣವೆಂದರೆ ಕೈತುಂಬ ಅರಿಶಿನ.

"ಇನ್ನೊಂದ್ಸಲ ಕೇಳೋ," ಎಂದೆ. "ಹಿಂದಿನ ಸಾಲಿಗೂ ಕೇಳ್ಸ್ಲಿ."

ಅವನು ಇನ್ನೊಮ್ಮೆ ಕೇಳಿದ. ನಾನು ಪೈಡಮ್ಮನ ಹೆಸರು ಹಾಡಿದೆ.