ತಾಯವ್ವನ ಅಡುಗೆಮನೆಗೆ ಎಂಥ ಒಲೆ?

ಹಳಿಯಾಳದ ಹತ್ತಿರದ ಸಾಂಬ್ರಾಣಿ ಊರಿನಲ್ಲಿ ಈಗ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಗ್ಯಾಸ್ ಒಲೆ ಇದೆ. ಗ್ಯಾಸಿನ ವಾಸನೆ ಬಂದರೆ ಯಾರಾದರೂ ಒಬ್ಬರು, "ಒಲಿ ಆರೇತೇನ ನೋಡ್ರಿ" ಎಂದು ಕೂಗುತ್ತಾರೆ. ಇನ್ನೊಬ್ಬರು ಓಡಿ ಹೋಗಿ ಬಂದ್ ಮಾಡುತ್ತಾರೆ. ಆದರೆ ಆ ಸಂಜೆ ರಾಜಶ್ರೀಯ ಮನೆಯಲ್ಲಿ ಹಾಗೆ ಕೂಗುವವರು ಯಾರೂ ಇರಲಿಲ್ಲ.

ರಾಜಶ್ರೀ ಮಹಿಳಾ ಸಂಘದ ಶೆಡ್ಡಿನಲ್ಲಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ಗಂಡ ಈರೇಶ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾನೆ. ಹಗಲು ಮನೆಯಲ್ಲಿ ಇರುವವರು ಅತ್ತೆ ತಾಯವ್ವ ಮತ್ತು ಈಗಷ್ಟೇ ಗೋಡೆ ಹಿಡಿದು ನಡೆಯಲು ಕಲಿತಿದ್ದ ಹೆಣ್ಣುಕೂಸು. ಅಡುಗೆಯೆಲ್ಲ ತಾಯವ್ವನದೇ. ಅವಳ ಕೈಯ ಬದನೆಕಾಯಿ ಎಣ್ಣೆಗಾಯಿ ಉಂಡವರು ಮತ್ತೆ ಕೇಳಿ ಹಾಕಿಸಿಕೊಳ್ಳುತ್ತಿದ್ದರು.

ಅಂದು ತಲೆ ಸಿಡಿಯುತ್ತಿದೆಯೆಂದು ರಾಜಶ್ರೀ ಹೊತ್ತು ಮುಳುಗುವ ಮೊದಲೇ ಮನೆಗೆ ಬಂದಳು. ಹೊಸ್ತಿಲು ದಾಟುತ್ತಲೇ ಕೊಳೆತ ಕೋಸಿನಂಥ ವಾಸನೆ ಗಂಟಲಿಗೆ ಅಡರಿತು. ಪಡಸಾಲೆಯಲ್ಲಿ, ಬರೀ ನೆಲದ ಮೇಲೆ ಹಾಸಿದ ಕೌದಿಯ ಮೇಲೆ ಕೂಸು ಮಲಗಿತ್ತು. ಅಡುಗೆಮನೆಯಲ್ಲಿ ಮಬ್ಬು ಕವಿದಿತ್ತು. ತಾಯವ್ವ ಕಟ್ಟೆಯ ಮೇಲೆ ತಡಕಾಡುತ್ತಿದ್ದಳು.

"ಬಂದೇನ ಯವ್ವಾ? ಹಾಲು ಕಾಸಾಕ ಇಟ್ಟಿದ್ದೆ, ಒಲಿ ಆರೇತಿ ನೋಡು. ಲೈಟರ್ ಎಲ್ಲಿ ಇಟ್ಟೆನೋ..."

ಲೈಟರ್ ಅವಳ ಕೈಗೆ ಸಿಕ್ಕಿಯೇ ಬಿಟ್ಟಿತ್ತು.

"ಅತ್ತೀ, ಬ್ಯಾಡ್ರೀ!"

ರಾಜಶ್ರೀ ಹಾರಿ ಆ ಕೈ ಹಿಡಿದಳು. ಲೈಟರ್ ಕಿತ್ತುಕೊಂಡು ಕಿಟಕಿಯಿಂದ ಹೊರಗೆ ಎಸೆದಳು. ಹಾಲು ಉಕ್ಕಿ ಬರ್ನರ್ ತುಂಬ ಹರಿದಿತ್ತು, ಒಲೆ ಸುಯ್ಯೆನ್ನುತ್ತಲೇ ಇತ್ತು. ಗುಂಡಿ ತಿರುಗಿಸಿ ಒಲೆ ಬಂದ್ ಮಾಡಿದಳು. ಸಿಲಿಂಡರಿನ ರೆಗ್ಯುಲೇಟರೂ ಬಂದ್ ಮಾಡಿದಳು. ವಾಸನೆ ಹೋಗಲೆಂದು ಗೋಡೆಯ ಫ್ಯಾನಿನ ಸ್ವಿಚ್ಚಿಗೆ ಕೈ ಚಾಚಿದಳು.

"ಮುಟ್ಟಬ್ಯಾಡ! ಸ್ವಿಚ್ ಮುಟ್ಟಬ್ಯಾಡ ರಾಜಶ್ರೀ!"

ಹಿತ್ತಲ ಬಾಗಿಲಲ್ಲಿ ಪಕ್ಕದ ಮನೆಯ ನಸ್ರೀನ ನಿಂತಿದ್ದಳು. ಕೂಗು ಕೇಳಿ ಓಡಿ ಬಂದಿದ್ದಳು. "ಸ್ವಿಚ್ಚಿನ ಕಿಡಿ ಸಾಕು, ಮನಿ ಹಾರಿ ಹೋಗ್ತೈತಿ. ಬಾಗಿಲಾ ಕಿಟಕಿ ತಗೀ, ಕೂಸಿನ್ನ ತಗೊಂಡು ಹೊರಗ ಬಾ. ಅವ್ವಾರ, ನೀವೂ ನಡೀರಿ!"

ಮೂವರೂ ಬಾಗಿಲು ಕಿಟಕಿ ತೆರೆದಿಟ್ಟು, ಕೂಸನ್ನು ಎತ್ತಿಕೊಂಡು ಬೀದಿಗೆ ಬಂದರು. ಒಳಗೆ ಫ್ರಿಜ್ ಇತ್ತು. ಅದು ತಾನಾಗಿಯೇ ನಿಲ್ಲುತ್ತದೆ, ತಾನಾಗಿಯೇ ಶುರುವಾಗುತ್ತದೆ. ಈಗ ಶುರುವಾಗಿ ಕಿಡಿ ಹಾರಿದರೆ? ರಾಜಶ್ರೀ ಕೂಸನ್ನು ಎದೆಗೆ ಒತ್ತಿಕೊಂಡು ತನ್ನ ಮನೆಯ ಬಾಗಿಲನ್ನೇ ನೋಡುತ್ತ ನಿಂತಳು. ನಸ್ರೀನ ಗ್ಯಾಸ್ ಸೋರಿಕೆಯ ಸಹಾಯವಾಣಿಗೆ ಫೋನು ಮಾಡಿದಳು. ಗಾಳಿಯಾಡಿ ವಾಸನೆ ಪೂರ್ತಿ ಹೋಗುವತನಕ ಯಾರನ್ನೂ ಒಳಗೆ ಬಿಡಲಿಲ್ಲ.

ಮನೆಗೇನೂ ಆಗಲಿಲ್ಲ. ಆದರೆ ಭಯ ಮಾತ್ರ ಒಳಗೇ ಉಳಿಯಿತು.

ಈರೇಶ ಸುದ್ದಿ ಕೇಳಿ ತಾಯಿಯ ಮೇಲೆ ರೇಗಿದ. "ಯವ್ವಾ, ಅಷ್ಟು ಗ್ಯಾಸ್ ತುಂಬೇತಿ, ನಿನಗ ಎಚ್ಚರ ಇಲ್ಲೇನು? ಇನ್ನ ನೀ ಒಲಿ ಹತ್ತೀರ ಹೋಗಬ್ಯಾಡ."

ತಾಯವ್ವ ಮರುದಿನ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಕಟ್ಟಿಗೆ ಒಲೆ ಹಚ್ಚಿದಳು. "ಇದರಾಗ ಏನೂ ಸೋರೂದಿಲ್ಲ" ಎಂದಳು. ಹೊಗೆ ಮನೆಯೊಳಗೆಲ್ಲ ನುಗ್ಗಿತು. ಕೂಸಿಗೆ ಕೆಮ್ಮು ಹತ್ತಿ ಬಿಡಲೇ ಇಲ್ಲ.

ರಾಜಶ್ರೀಗೂ ಗ್ಯಾಸ್ ಮುಟ್ಟಲು ಕೈ ಬರುತ್ತಿರಲಿಲ್ಲ. ಬೆಂಕಿಯೇ ಬೇಡವೆಂದು ಅವಳು ತಂಗಿಯ ಮನೆಯಿಂದ ಕರೆಂಟ್ ಒಲೆ, ಅಂದರೆ ಇಂಡಕ್ಷನ್, ತಂದಳು. ಟಿವಿಗೆ ಹಾಕಿದ್ದ ಉದ್ದ ವೈರಿನ ಬೋರ್ಡಿಗೇ ಚುಚ್ಚಿ ಅನ್ನಕ್ಕೆ ಇಟ್ಟಳು. ಅನ್ನ ಕುದಿಯುವ ಹೊತ್ತಿಗೆ ಬೋರ್ಡು ಕರಗಿ, ಕಪ್ಪು ಹೊಗೆ ಬಂತು. ಈರೇಶ ಓಡಿ ಮೇನ್ ಸ್ವಿಚ್ ಇಳಿಸಿದ. ರಾಜಶ್ರೀಗೆ ಈಗ ಗ್ಯಾಸ್ ಕಂಡರೂ ಹೆದರಿಕೆ, ಕರೆಂಟ್ ಕಂಡರೂ ಹೆದರಿಕೆ. ಕೂಸಿಗೆ ಹಾಲು ಎಲ್ಲಿ ಕಾಸಬೇಕು?

ಈರೇಶನಿಗೆ ಇದೆಲ್ಲ ಸುಮ್ಮನೆ ಹೆದರಿಕೆ ಎನಿಸಿತು. "ಹಳೇ ಒಲಿ ತಗದು ಒಗೀರಿ. ಗಾಜಿನದ ತರೂಣು. ಗುಂಡಿ ತಿರುವಿದ್ರ ತಾನ ಹತ್ತತೈತಿ. ಲೈಟರ್ ಹುಡುಕೂದ ಇಲ್ಲ. ಎಲ್ಲಾ ಸರಿ ಆಗ್ತೈತಿ."

ಕರಗಿದ ಬೋರ್ಡಿನ ಸುದ್ದಿ ತಿಳಿದು ನಸ್ರೀನ ಅಂದು ಸಂಜೆ ಬಂದಳು. ಅವಳೂ ಗಂಡ ನದೀಮನೂ ಹಳಿಯಾಳದಲ್ಲಿ ಒಲೆ, ಮಿಕ್ಸರ್ ಮಾರುವ ಅಂಗಡಿ ಇಟ್ಟಿದ್ದಾರೆ. ಯಾವ ಒಲೆ ಕೊಳ್ಳಬೇಕೆಂದು ಇವರು ಕೇಳುವ ಮೊದಲೇ, ಅವಳೇ ಒಂದು ಪ್ರಶ್ನೆ ಕೇಳಿದಳು.

"ಅವ್ವಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಅವತ್ತು ನಾ ಬಾಗಿಲದಾಗ ಬರೂದ್ರಾಗ ನನಗ ಕೆಮ್ಮು ಬಂತು. ನೀವು ಒಲಿ ಮುಂದನ ಇದ್ರಿ. ನಿಮಗ ವಾಸನಿ ಬರಲಿಲ್ಲೇನ್ರಿ?"

ತಾಯವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತತೊಡಗಿದಳು. ಆಮೇಲೆ ಮೆಲ್ಲಗೆ ಹೇಳಿದಳು.

"ಹೋದ ಮಳಿಗಾಲದಾಗ ಜ್ವರ ಬಂದಿತ್ತಲ್ಲ ಯವ್ವಾ, ಅವತ್ತಿಂದ ನನಗ ಯಾವ ವಾಸನಿನೂ ಬರೂದಿಲ್ಲ. ಒಗ್ಗರಣಿದೂ ಇಲ್ಲ, ಊದಿನಕಡ್ಡಿದೂ ಇಲ್ಲ. ಕೂಸಿನ ನೆತ್ತಿ ಮೂಸಿದ್ರೂ ಏನೂ ತಿಳಿಯೂದಿಲ್ಲ."

ರಾಜಶ್ರೀಗೆ ಒಮ್ಮೆಲೇ ಹಲವು ಸಂಗತಿಗಳು ನೆನಪಾದವು. ತಳ ಹತ್ತಿದ ಸಾರು, ಹಳಸಿದ್ದು ಗೊತ್ತಾಗದೆ ಬಡಿಸಿದ ಪಲ್ಯ. ಅತ್ತೆಗೆ ಮರೆವು ಎಂದುಕೊಂಡಿದ್ದಳು.

"ಮದ್ಲ ಯಾಕ ಹೇಳಲಿಲ್ರಿ ಅತ್ತೀ?"

"ಹೇಳಿದ್ರ ಅಡಿಗಿಮನಿ ಬಿಡಿಸ್ತೀರಿ. ಮತ್ತ ನಾ ಈ ಮನ್ಯಾಗ ಏನು ಮಾಡ್ಲಿ? ಅದಕ್ಕ ಅಂಜಿ ಸುಮ್ಮನಿದ್ದೆ. ನನ್ನ ಅಂಜಿಕಿಗೆ ಕೂಸು ಹೋಗತಿತ್ತು." ತಾಯವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಈರೇಶ ತಲೆ ತಗ್ಗಿಸಿದ. ರೇಗಿದ ಮಾತು ಅವನಿಗೇ ಚುಚ್ಚುತ್ತಿತ್ತು.

ನಸ್ರೀನ ತಾಯವ್ವನ ಪಕ್ಕ ಕುಳಿತಳು. "ಹಂಗ ಅಳಬ್ಯಾಡ್ರಿ. ಮೂಗಿನ್ನ ಡಾಕ್ಟರಿಗೆ ತೋರಿಸೂಣು. ಆದ್ರ ಅಲ್ಲೀತನಕ ಈ ಮನಿಗೆ ಮೂಗು ನಂಬಿ ಬಳಸೂ ಒಲಿ ಬ್ಯಾಡ. ನಾಳಿ ಅಂಗಡಿಗೆ ಬರ್ರಿ. ಕಣ್ಣಾರೆ ನೋಡ್ರಿ."

ಅವಳು ಹೋದ ಮೇಲೆ ಈರೇಶ ಗೊಣಗಿದ. "ಅಂಗಡಿಯವರು ಹಿಂಗ ಹೇಳೂದು. ತುಟ್ಟಿ ಒಲಿ ಮಾರಾಕ ನೋಡಾಕತ್ತಾರ."

"ಅವತ್ತು ಸ್ವಿಚ್ ಮುಟ್ಟಬ್ಯಾಡ ಅಂತ ಕೂಗಿದ್ದೂ ವ್ಯಾಪಾರಕ್ಕೇನ್ರಿ?" ಎಂದಳು ರಾಜಶ್ರೀ.

ಮರುದಿನ ಎಲ್ಲರೂ ಹಳಿಯಾಳಕ್ಕೆ ಹೋದರು.

ಅಂಗಡಿಯಲ್ಲಿ ಸಾಲಾಗಿ ಒಲೆಗಳಿದ್ದವು. ಈರೇಶ ನೇರವಾಗಿ ಹೋಗಿ ಕರಿ ಗಾಜಿನ, ತಾನಾಗಿ ಹತ್ತುವ ಒಲೆಯ ಮುಂದೆ ನಿಂತ. "ಇದ ನೋಡ್ರಿ ನಸ್ರೀನಕ್ಕಾರ. ಇದನ್ನ ಕೊಡ್ರಿ."

ನಸ್ರೀನ ಅದನ್ನು ಮಾರಲಿಲ್ಲ. ನದೀಮ ಅಂಗಡಿಯ ಹಿಂದಿನ ಬಯಲಿಗೆ ಅದನ್ನೂ, ಇನ್ನೊಂದು ಒಲೆಯನ್ನೂ ತಂದು ಇಟ್ಟು, ಸಿಲಿಂಡರಿಗೆ ಜೋಡಿಸಿದ. ಗಾಜಿನ ಒಲೆ ಗುಂಡಿ ತಿರುಗಿಸುತ್ತಲೇ ಹತ್ತಿತು. ನಸ್ರೀನ ಅದರ ಮೇಲೆ ಒಂದು ಲೋಟ ನೀರು ಸುರಿದಳು. ಬೆಂಕಿ ಆರಿತು. ಆದರೆ ಸುಯ್ಯೆನ್ನುವ ಸದ್ದು ನಿಲ್ಲಲಿಲ್ಲ.

ಅದೇ ಸದ್ದು. ರಾಜಶ್ರೀ ತನಗರಿವಿಲ್ಲದೆ ಕೂಸನ್ನು ಹಿಡಿದು ನಾಲ್ಕು ಹೆಜ್ಜೆ ಹಿಂದೆ ಸರಿದಿದ್ದಳು.

ನಸ್ರೀನ ಕೂಡಲೇ ಗುಂಡಿ ಬಂದ್ ಮಾಡಿದಳು. "ತಾನ ಹತ್ತೂದು ಬ್ಯಾರೆ, ಬೆಂಕಿ ಆರಿದ್ರ ಗ್ಯಾಸ್ ತಾನ ನಿಲ್ಲೂದು ಬ್ಯಾರೆ. ಭಾಳ ಮಂದಿ ಎರಡೂ ಒಂದ ಅಂತ ತಿಳೀತಾರ. ಈಗ ಇದನ್ನ ನೋಡ್ರಿ."

ಎರಡನೆಯದು ನೋಡಲು ಸಾದಾ ಉಕ್ಕಿನ ಒಲೆ. ಅದರ ಬರ್ನರಿನ ಪಕ್ಕ ಬೆರಳಿನಷ್ಟು ದಪ್ಪವೂ ಇಲ್ಲದ ಒಂದು ಸಣ್ಣ ಕಡ್ಡಿ ನಿಂತಿತ್ತು. "ಬೆಂಕಿ ಇರೂತನಕ ಈ ಕಡ್ಡಿ ಬಿಸಿ ಇರತೈತಿ. ಬೆಂಕಿ ಆರಿದ್ರ ತಣ್ಣಗ ಆಗ್ತೈತಿ, ಗ್ಯಾಸ್ ಬರೂ ದಾರಿ ಮುಚ್ಚತೈತಿ" ಎಂದಳು ನಸ್ರೀನ.

"ಗಿರಾಕಿ ಮುಂದ ಎಲ್ಲಾ ಚಂದ ಆಗ್ತೈತ್ರಿ" ಎಂದ ಈರೇಶ. "ಕೊಡ್ರಿ, ನಾನ ಮಾಡ್ತೇನಿ."

ಅವನೇ ಗುಂಡಿ ಒತ್ತಿ ಹಿಡಿದು ಹಚ್ಚಿದ. ಅವನೇ ನೀರು ಸುರಿದ. ಬೆಂಕಿ ಆರಿತು. ಸುಯ್ಯೆಂಬ ಸದ್ದು ಮುಂದುವರಿಯಿತು. ಇದೂ ನಿಲ್ಲದಿದ್ದರೆ? ಈರೇಶ ನಸ್ರೀನಳ ಮುಖ ನೋಡಿದ. ಆಗ ಒಳಗೆ ಎಲ್ಲೋ ಟಕ್ ಎಂದಿತು. ಸದ್ದು ನಿಂತುಹೋಯಿತು.

ಈರೇಶ ಬಗ್ಗಿ ಬರ್ನರಿನ ಹತ್ತಿರ ಕಿವಿ ಇಟ್ಟ. ಏನೂ ಇಲ್ಲ. ಪಕ್ಕದಲ್ಲಿದ್ದ ಗಾಜಿನ ಒಲೆಯನ್ನು ನೋಡಿದ. ಅದನ್ನೇ ಅವನು ಮನೆಗೆ ಒಯ್ಯಲಿದ್ದ.

"ಗಾಜಿಂದು ಕೆಟ್ಟದ್ದೇನ್ರಿ ಹಂಗಾದ್ರ?" ಎಂದು ಕೇಳಿದ.

"ಗಾಜು, ಉಕ್ಕು ಅಂತ ಅಲ್ಲ. ಗಾಜಿನದ್ರಾಗೂ ಈ ಕಡ್ಡಿ ಇರೂ ಒಲಿ ಸಿಗ್ತಾವು. ಒರೆಸಾಕ ಹಗುರ. ಆದ್ರ ನಿಮ್ಮನ್ಯಾಗ ದೊಡ್ಡ ಹಂಡೇವು, ಭಾರ ಭಗೋಣಿ ಇಡ್ತೀರಿ. ದೊಡ್ಡ ಪಾತ್ರಿ ಕೆಳಗ ಗಾಜು ಭಾಳ ಕಾಯ್ತು ಅಂದ್ರ ಒಡೀಬಹುದು. ನಿಮಗ ಉಕ್ಕಿಂದ ಬರೋಬ್ಬರಿ."

"ಕರೆಂಟ್ ಒಲಿ, ನಸ್ರೀನಕ್ಕಾ?" ರಾಜಶ್ರೀ ಇನ್ನೂ ಅಂಜುತ್ತಲೇ ಕೇಳಿದಳು.

"ಅದೂ ಚಲೋನ. ಬೆಂಕಿ ಇಲ್ಲ, ಗ್ಯಾಸ್ ಸೋರೂದಿಲ್ಲ. ಆದ್ರ ಅದಕ್ಕ ದೊಡ್ಡ ಪಿನ್ನಿನ ಸಾಕೆಟ್, ದಪ್ಪ ವೈರು, ಅರ್ಥಿಂಗ್ ಬೇಕು. ಉದ್ದ ವೈರಿನ ಬೋರ್ಡಿಗೆ ಯಾವತ್ತೂ ಹಚ್ಚಬಾರದು. ತಳ ಸಪಾಟಿದ್ದು, ಆಯಸ್ಕಾಂತ ಹಿಡಿಯೂ ಪಾತ್ರಿನೂ ಬೇಕು. ಮಳಿಗಾಲದಾಗ ನಮ್ಮ ಕಡೆ ಕರೆಂಟ್ ಹೋದ್ರ ಯಾವಾಗ ಬರತೈತಿ? ಮದ್ಲ ವೈರಿಂಗ್ ಸರಿ ಮಾಡಸ್ರಿ, ಆಮ್ಯಾಲೆ ಜೋಡಿಗೆ ಇಟ್ಕೊಳ್ಳ್ರಿ."

ಉಕ್ಕಿನ ಒಲೆಯನ್ನು ಕಟ್ಟಿ ಕೊಡುವ ಮುನ್ನ ನಸ್ರೀನ ಇನ್ನೊಂದು ಮಾತು ಹೇಳಿದಳು. "ಈ ಕಡ್ಡಿ ಐತಂತ ಮೈಮರೀಬ್ಯಾಡ್ರಿ. ಬೆಂಕಿ ಆರಿದ್ರಷ್ಟ ಇದು ಕಾಪಾಡತೈತಿ. ಪೈಪ್ ಸೀಳಿದ್ರ, ಸಿಲಿಂಡರ್ ಬಾಯಾಗ ಸೋರಿದ್ರ ಇದಕ್ಕ ತಿಳಿಯೂದಿಲ್ಲ. ನಿಮ್ಮ ಪೈಪ್ ಯಾವಾಗಿಂದು?"

ಯಾರಿಗೂ ನೆನಪಿರಲಿಲ್ಲ. ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್ ಒಲೆ ಕೂರಿಸಲು ಬಂದಾಗ ಹಳೆ ಪೈಪನ್ನು ಬಿಚ್ಚಿ ಬಗ್ಗಿಸಿ ತೋರಿಸಿದ. ಸಿಲಿಂಡರ್ ಕಡೆಯ ತುದಿಯಲ್ಲಿ ಕೂದಲೆಳೆಯಂಥ ಸೀಳುಗಳು ಬಾಯಿ ಬಿಟ್ಟವು. ಇಷ್ಟು ದಿನ ಅದರ ಪಕ್ಕದಲ್ಲೇ ಕೂಸು ಆಡುತ್ತಿತ್ತು. ರಾಜಶ್ರೀ ಬಾಯಿಗೆ ಸೆರಗು ಒತ್ತಿಕೊಂಡಳು. ಅವನು ಹೊಸ ಪೈಪ್ ಹಾಕಿ, ಸೋಪಿನ ನೀರು ಹಚ್ಚಿ ಗುಳ್ಳೆ ಬರುವುದಿಲ್ಲವೆಂದು ನೋಡಿಯೇ ಹೋದ.

ಹೊಸ ಒಲೆ ಬಂದರೂ ತಾಯವ್ವ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು.

"ಬಾ ಯವ್ವಾ" ಎಂದ ಈರೇಶ. "ಅವತ್ತು ನಾ ಮಾತಾಡಿದ್ದು ತಪ್ಪಾತು. ಒಲಿ ನಿಂದ ಐತಿ."

"ಮತ್ತ ಏನರೆ ಆದ್ರ?"

"ನಾ ಇಲ್ಲೇ ನಿಲ್ತೇನಿ."

ತಾಯವ್ವ ಗುಂಡಿ ಒತ್ತಿ ಹಿಡಿದಳು. ಮೊದಲ ಸಲ ಕಡ್ಡಿ ಬಿಸಿಯಾಗುವ ಮುಂಚೆಯೇ ಬಿಟ್ಟಳು, ಬೆಂಕಿ ಆರಿತು. ಅವಳು ಬೆಚ್ಚಿ ಹಿಂದೆ ಸರಿದಳು. ರಾಜಶ್ರೀ ಗುಂಡಿ ಬಂದ್ ಮಾಡಿ ತುಸು ತಡೆದು, ವಾಸನೆ ಇಲ್ಲವೆಂದು ನೋಡಿ, ಅತ್ತೆಯ ಕೈಮೇಲೆ ತನ್ನ ಕೈಯಿಟ್ಟಳು. ಇಬ್ಬರೂ ಸೇರಿ ಒತ್ತಿ ಹಿಡಿದರು. ನೀಲಿ ಬೆಂಕಿ ನಿಂತಿತು.

ಮರುದಿನ ರಾಜಶ್ರೀ ಹೊಲಿಗೆಗೆ ಹೊರಟವಳು ಅರ್ಧ ದಾರಿಯಿಂದ ತಿರುಗಿ ಬಂದು ಕಿಟಕಿಯಿಂದ ಇಣುಕಿದಳು. ತಾಯವ್ವ ಹಾಲಿನ ಮುಂದೆ ನಿಂತಿದ್ದಳು, ಕಣ್ಣು ಒಲೆಯ ಮೇಲೇ ಇತ್ತು. ಹಾಲು ಕಾದ ಕೂಡಲೇ ಗುಂಡಿ ಬಂದ್ ಮಾಡಿದಳು. ಆಮೇಲೆ ಬಗ್ಗಿ ರೆಗ್ಯುಲೇಟರನ್ನೂ ಬಂದ್ ಮಾಡಿದಳು. ಸೊಸೆ ನೋಡುತ್ತಿರುವುದು ಅವಳಿಗೆ ಗೊತ್ತಿರಲಿಲ್ಲ. ರಾಜಶ್ರೀ ಸದ್ದು ಮಾಡದೆ ಅಲ್ಲಿಂದ ಹೊರಟಳು.

ಅಕ್ಕಂದಿರೇ, ಅಣ್ಣಂದಿರೇ, ನೀವು ಒಲೆ ಕೊಳ್ಳಲು ಹೋದಾಗ ಬಣ್ಣ, ಹೊಳಪು ನೋಡುವ ಮೊದಲು, ಆ ಒಲೆಯ ಮುಂದೆ ನಿಲ್ಲುವವರು ಯಾರೆಂದು ಯೋಚಿಸಿ. ಅವರಿಗೆ ವಾಸನೆ ತಿಳಿಯುತ್ತದೆಯೇ, ಮರೆವು ಇದೆಯೇ ಎಂದು ಪ್ರೀತಿಯಿಂದ ಕೇಳಿ, ಬೈಯಬೇಡಿ. "ಬೆಂಕಿ ಆರಿದರೆ ಗ್ಯಾಸ್ ತಾನೇ ನಿಲ್ಲುತ್ತದೆಯೇ?" ಎಂದು ಅಂಗಡಿಯವರನ್ನು ಕೇಳಿ, ಎದುರಿಗೇ ಮಾಡಿ ತೋರಿಸಲು ಹೇಳಿ. ಐಎಸ್ಐ ಗುರುತು ಇಲ್ಲದ ಒಲೆ ತರಬೇಡಿ. ಗ್ಯಾಸಿನ ವಾಸನೆ ಬಂದರೆ ಲೈಟರ್, ಬೆಂಕಿಕಡ್ಡಿ, ಸ್ವಿಚ್ ಯಾವುದನ್ನೂ ಮುಟ್ಟಬೇಡಿ. ಒಲೆ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಮಕ್ಕಳು ಮುದುಕರನ್ನು ಕರೆದುಕೊಂಡು ಹೊರಗೆ ಬನ್ನಿ. ಹೊರಗೆ ಬಂದ ಮೇಲೆ 1906ಕ್ಕೆ ಫೋನು ಮಾಡಿ.

ಈ ಕಾಗದವನ್ನು ಇಲ್ಲಿಗೆ ಮಡಚಿಟ್ಟು, ಈಗಲೇ ಅಡುಗೆಮನೆಗೆ ಹೋಗಿ. ರೆಗ್ಯುಲೇಟರ್ ಬಂದ್ ಮಾಡಿ, ನಿಮ್ಮ ಒಲೆಯ ಪೈಪನ್ನು ಬಗ್ಗಿಸಿ ನೋಡಿ; ಸೀಳು ಕಂಡರೆ ಹೊಸದು ಹಾಕಿಸಿ.