ಹುಲ್ದಾ ಹೊಂಬಳ: ಮುನ್ನೂರಕ್ಕೆ ಒಂಬತ್ತು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ ಎಂದು ಮೂರು ವಾರದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ಪವಿತ್ರಾತ್ಮನಿಂದ ಶುರು ಮಾಡೋಣವೆಂದರೆ ಅಷ್ಟು ಎತ್ತರದಿಂದ ಇಳಿದು ಬರಲು ನನಗೆ ಮೆಟ್ಟಿಲು ಸಿಗುವುದಿಲ್ಲ. ಕೊಯಾಲಿಯ ರಿಫೈನರಿ ಚಿಮಣಿಯಿಂದ ಶುರುವಾಗುವ ಮೊದಲ ಕರಡನ್ನು ನನ್ನ ಹೆಂಡತಿ ರಮಾಮಣಿ ಓದಿ, "ಚಿಮಣಿ ಚೆನ್ನಾಗಿದೆ. ಜನ ಯಾವಾಗ ಬರ್ತಾರೆ?" ಎಂದು ಕೇಳಿದಳು. ಹರಿದು ಹಾಕಿದೆ. (ಹರಿದು ಹಾಕಿದೆ ಎನ್ನುವುದು ಬರೀ ಗತ್ತು. ಲ್ಯಾಪ್‌ಟಾಪಿನಲ್ಲಿ ಡಿಲೀಟ್ ಒತ್ತಿದೆ, ಆಮೇಲೆ ಹೆದರಿ ವಾಪಸ್ ತೆಗೆದಿಟ್ಟುಕೊಂಡೆ.)

ಆದ್ದರಿಂದ ಓದುಗರೇ, ಜನರಿಂದಲೇ ಶುರು. ಹುಲ್ದಾ ಹೊಂಬಳ, ವಯಸ್ಸು ಐವತ್ತೆಂಟು, ಊರು ಗದಗ-ಬೆಟಗೇರಿ. ಇಪ್ಪತ್ತಾರು ವರ್ಷಗಳಿಂದ ವಡೋದರದ ಪಕ್ಕದ ಕೊಯಾಲಿಯ ಟೌನ್‌ಶಿಪ್ಪಿನಲ್ಲಿ ಸಂಸಾರ. ಗಂಡ ಜಯಶೀಲನಿಗೆ ರಿಫೈನರಿಯಲ್ಲಿ ಶಿಫ್ಟ್ ಕೆಲಸ. ಮಗಳು ವರ್ಷಿಣಿ ಅಲ್ಲೇ ಹುಟ್ಟಿ ಬೆಳೆದವಳು. ಅವಳ ಕನ್ನಡ ಅಮ್ಮನ ಜೊತೆ ಮಾತ್ರ ಓಡುತ್ತದೆ, ಅದೂ ಆಗಾಗ ಕೆಟ್ಟು ನಿಲ್ಲುತ್ತದೆ.

ಇನ್ನು ನಾನು. ಅಹಮದಾಬಾದಿನ ನವರಂಗಪುರದಲ್ಲಿ ವಿಮಾ ಕಚೇರಿಯ ನೌಕರ, ಸಂಜೆ ಕಥೆಗಾರ. ಕ್ರೈಸ್ತ ಧರ್ಮದ ಬಗ್ಗೆ ನನ್ನ ತಿಳಿವಳಿಕೆ ಕ್ರಿಸ್‌ಮಸ್ ಕೇಕಿನ ಹತ್ತಿರ ನಿಂತುಬಿಡುತ್ತದೆ. ತಪ್ಪಾದಲ್ಲಿ ಹುಲ್ದಾ ಅವರೇ ತಿದ್ದುತ್ತಾರೆ. ತಿದ್ದುವುದರಲ್ಲಿ ಅವರ ಕೈ ಧಾರಾಳ ಎಂದು ಎರಡನೇ ಕರಡಿನಲ್ಲೇ ಗೊತ್ತಾಯಿತು.

೨

ವಡೋದರದಲ್ಲಿ ಕನ್ನಡ ಕ್ರೈಸ್ತರ ಒಂದು ಸಣ್ಣ ಸಭೆಯಿದೆ, ಮೂವತ್ತು ಮನೆಗಳದ್ದು. ಸ್ವಂತ ಚರ್ಚಿಲ್ಲ. ಗುಜರಾತಿ ಸಭೆಯವರು ತಮ್ಮ ಪ್ರಾರ್ಥನಾ ಮಂದಿರವನ್ನು ಭಾನುವಾರ ನಾಲ್ಕರಿಂದ ಆರರವರೆಗೆ ಬಿಟ್ಟುಕೊಡುತ್ತಾರೆ. ಅಲ್ಲಿಗೆ ಹೋದ ವರ್ಷ ಮಂಗಳೂರು ಕಡೆಯಿಂದ ಹೊಸ ಪಾಸ್ಟರ್ ಬಂದರು. ಹೆಸರು ನಿತಿನ್ ಅಮ್ಮನ್ನ, ವಯಸ್ಸು ಮೂವತ್ತೆರಡು, ಉತ್ಸಾಹಕ್ಕೆ ಲೆಕ್ಕವಿಲ್ಲ. (ಮೊದಲು ಇವರನ್ನು ಖಳನಾಯಕನನ್ನಾಗಿ ಮಾಡಬೇಕೆಂದಿದ್ದೆ. ಆದರೆ ಮನುಷ್ಯ ಎಲ್ಲರ ಚಪ್ಪಲಿಯನ್ನೂ ಜೋಡಿಸಿಟ್ಟು ಒಳಗೆ ಬರುತ್ತಾರೆ. ಇಂಥವರನ್ನು ಖಳ ಮಾಡುವುದು ಹೇಗೆ?)

ಒಂದು ಭಾನುವಾರ ಪಾಸ್ಟರ್ ಕೃಪಾವರಗಳ ಬಗ್ಗೆ ಮಾತಾಡಿದರು. ದೇವರು ಸಭೆಯಲ್ಲಿ ಪ್ರತಿಯೊಬ್ಬರಿಗೂ ಒಂದಾದರೂ ವರ ಕೊಟ್ಟಿರುತ್ತಾನೆ. ಒಬ್ಬರಿಗೆ ಬೋಧನೆ, ಒಬ್ಬರಿಗೆ ನಂಬಿಕೆ, ಒಬ್ಬರಿಗೆ ಕರುಣೆ, ಒಬ್ಬರಿಗೆ ವಾಸಿಮಾಡುವುದು. ಅದು ದುಡಿದು ಗಳಿಸಿದ್ದಲ್ಲ, ತನಗಾಗಿ ಇಟ್ಟುಕೊಳ್ಳುವುದೂ ಅಲ್ಲ, ಇನ್ನೊಬ್ಬರ ಸಲುವಾಗಿ ಕೊಟ್ಟದ್ದು.

"ಎಷ್ಟೋ ಜನಕ್ಕೆ ತಮ್ಮ ವರ ಯಾವುದು ಅಂತ ಗೊತ್ತೇ ಇರುವುದಿಲ್ಲ ಮಾರಾಯ್ರೆ," ಎಂದರು. "ಈ ಫಾರ್ಮ್ ತುಂಬಿಸಿ ಕೊಡಿ. ಯಾರಿಗೆ ಏನು ಅಂತ ನೋಡಿ ಸೇವೆ ಹಂಚಿಕೊಳ್ಳುವಾ."

ಅರವತ್ತು ಪ್ರಶ್ನೆ. ಒಂದೊಂದಕ್ಕೂ ಸೊನ್ನೆಯಿಂದ ಐದರವರೆಗೆ ಅಂಕ. ನಮ್ಮ ಅಂಕ ನಾವೇ ಹಾಕಿಕೊಳ್ಳಬೇಕು.

೩

ಸೋಮವಾರ ಮಧ್ಯಾಹ್ನ ಊಟವಾದ ಮೇಲೆ ತಾಯಿ ಮಗಳು ಫಾರ್ಮ್ ಮುಂದಿಟ್ಟುಕೊಂಡು ಕುಳಿತರು. ಅದು ಇಂಗ್ಲಿಷಿನಲ್ಲಿತ್ತು. ವರ್ಷಿಣಿ ತನಗೆ ಬಂದಷ್ಟು ಕನ್ನಡದಲ್ಲಿ ಓದಿ ಹೇಳಬೇಕು, ಹುಲ್ದಾ ಅಂಕ ಹೇಳಬೇಕು.

"ನಿನ್ನ ಮಾತಿಂದ ಬೇರೆಯವರಿಗೆ ಹಿಮ್ಮತ್ ಸಿಗ್ತದಾ?"

"ಅದನ್ನ ನಾ ಹೆಂಗ ಹೇಳ್ಲಿ? ಸೊನ್ನಿ ಹಾಕು."

"ದೇವರ ಮೇಲೆ ನಿನ್ನ ಭರೋಸಾ ಬೇರೆಯವರಿಗಿಂತ ಜಾಸ್ತಿ ಇದೆಯಾ?"

"ಬ್ಯಾರೇದವರ ಭರೋಸಾ ಅಳದು ನೋಡೇನೇನು ನಾ? ಸೊನ್ನಿ."

"ತುಂಬಾ ಹೊತ್ತು ಪ್ರೇಯರ್ ಮಾಡ್ತೀಯಾ?"

"ಮಾಡ್ತೇನಿ. ನಡುವ ತೂಕಡಿಸ್ತೇನಿ. ಸೊನ್ನಿ."

"ಮಮ್ಮಿ, ಕಂಈಕ್ ತೋ ಲಖ್," ಏನಾದರೂ ಬರಿ ಎಂದಳು ಮಗಳು. ತಾಳ್ಮೆ ತಪ್ಪಿದಾಗ ಅವಳು ಇಳಿಯುವುದು ಗುಜರಾತಿಗೆ.

ಏನಾದರೂ ಬರೆಯುವುದು ಹುಲ್ದಾಗೆ ಸಾಧ್ಯವಿರಲಿಲ್ಲ. ಬೆಟಗೇರಿಯ ಮಿಷನ್ ಕಾಂಪೌಂಡಿನಲ್ಲಿ ಬೆಳೆದವರ ರೀತಿಯೇ ಹಾಗೆ. ತನ್ನ ಬಗ್ಗೆ ತಾನು ಒಳ್ಳೆಯದು ಹೇಳಿಕೊಳ್ಳಬಾರದು. ಹಾಡಿದ್ದನ್ನು ಯಾರಾದರೂ ಹೊಗಳಿದರೆ 'ಇವತ್ತು ಗಂಟಲು ಕೆಟ್ಟಿತ್ತು' ಎನ್ನಬೇಕು, ಅಡುಗೆ ಹೊಗಳಿದರೆ 'ಉಪ್ಪು ಕಡಿಮೆಯಾಗಿತ್ತು' ಎನ್ನಬೇಕು. ಐವತ್ತೆಂಟು ವರ್ಷ ಹೀಗೆ ಬಾಳಿದ ಹೆಂಗಸು ಈಗ ದೇವರ ಕಣ್ಣೆದುರಿಗೆ ತನಗೆ ತಾನೇ ಐದಂಕ ಕೊಟ್ಟುಕೊಳ್ಳುವುದು ಉಂಟೆ?

ಆದರೂ ಎರಡು ಕಡೆ ಅಂಕ ಬಿತ್ತು. 'ಹೊತ್ತಿಗೆ ಸರಿಯಾಗಿ ಸಭೆಗೆ ಬರುತ್ತೇನೆ' ಎಂಬುದಕ್ಕೆ ಐದು, ಏಕೆಂದರೆ ಅದು ಟೌನ್‌ಶಿಪ್ ಬಸ್ಸಿನ ಗುಣ, ತನ್ನದಲ್ಲ. 'ಪಾತ್ರೆ ತೊಳೆಯುವಂಥ ಕೆಲಸಕ್ಕೂ ಹಿಂದೆಗೆಯುವುದಿಲ್ಲ' ಎಂಬುದಕ್ಕೆ ನಾಲ್ಕು. ಒಂದಂಕ ಚಳಿಗಾಲದ ತಣ್ಣೀರಿಗೆ ಕಡಿತ. ಒಟ್ಟು ಮುನ್ನೂರಕ್ಕೆ ಒಂಬತ್ತು.

(ಕುತೂಹಲಕ್ಕೆ ನಾನೂ ಫಾರ್ಮ್ ತುಂಬಿದೆ. ಇನ್ನೂರ ಎಪ್ಪತ್ತೊಂದು ಬಂತು. ವಿವೇಕ, ಬೋಧನೆ, ನಾಯಕತ್ವ ಮೂರರಲ್ಲೂ ಪೂರ್ತಿ ಅಂಕ. ರಮಾಮಣಿ ಅದನ್ನು ನೋಡಿ ಕುಕ್ಕರ್ ಇಡಲು ಎದ್ದು ಹೋದಳು.)

೪

ಇಲ್ಲಿ ಪಾಂಡೇಸರಾದ ವಿಷಯ ಹೇಳಬೇಕು. ಮೊದಲೇ ಹೇಳಬೇಕಾಗಿತ್ತು, ವಿವೇಕಕ್ಕೆ ನನಗೆ ನಾನು ಕೊಟ್ಟುಕೊಂಡ ಐದಂಕವನ್ನು ನೀವು ನಾಲ್ಕು ಮಾಡಿಕೊಳ್ಳಬಹುದು.

ಸೂರತ್ತಿನ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಗಿರಣಿಗಳಿವೆ. ಅಲ್ಲಿ ದುಡಿಯುವ ರಾಯಚೂರು ಕಡೆಯ ಹನ್ನೊಂದು ಮನೆಯವರು ಒಂದು ಕೋಣೆಯಲ್ಲಿ ಸೇರಿ ಪ್ರಾರ್ಥಿಸುತ್ತಾರೆ. ತಿಂಗಳ ಎರಡನೇ ಭಾನುವಾರ, ವಡೋದರದ ಆರಾಧನೆಯನ್ನು ಉಳಿದವರಿಗೆ ಬಿಟ್ಟು, ಅಲ್ಲಿಂದ ಮೂವರು ರೈಲಿನಲ್ಲಿ ಹೋಗಿ ಆರಾಧನೆ ನಡೆಸಿ ಬರುವುದು ವಾಡಿಕೆ. ಆರು ವರ್ಷಗಳಿಂದ ಆ ಮೂವರಲ್ಲಿ ಹುಲ್ದಾ ಒಬ್ಬರು. ಉಳಿದಿಬ್ಬರು ಬೋಧಿಸುತ್ತಾರೆ, ಹಾಡಿಸುತ್ತಾರೆ. ಹುಲ್ದಾ ಹೆಂಗಸರ ನಡುವೆ ಚಾಪೆಯ ಮೇಲೆ ಕುಳಿತು, ಊರಲ್ಲಿರುವ ಅತ್ತೆಯ ಮೊಣಕಾಲು ಹೇಗಿದೆ, ಶಾಲೆ ಬಿಟ್ಟ ತಮ್ಮ ಮತ್ತೆ ಹೋಗುತ್ತಿದ್ದಾನೆಯೇ ಎಂದು ಒಬ್ಬೊಬ್ಬರನ್ನೇ ವಿಚಾರಿಸುತ್ತಾರೆ. ಅಷ್ಟೇ.

ಪಾಸ್ಟರ್ ನಿತಿನ್ ಫಾರ್ಮುಗಳನ್ನೆಲ್ಲ ಎಕ್ಸೆಲ್ಲಿಗೆ ಹಾಕಿ ಮುಂದಿನ ಭಾನುವಾರ ಪಟ್ಟಿ ಅಂಟಿಸಿದರು. ಪಾಂಡೇಸರಾ ತಂಡಕ್ಕೆ ಪಾಸ್ಟರ್ ಜೊತೆ ಇಬ್ಬರು ಹೊಸಬರು, ಒಬ್ಬರದು ಬೋಧನೆಯ ವರ, ಇನ್ನೊಬ್ಬರದು ಪ್ರೋತ್ಸಾಹನೆಯ ವರ. ಪಟ್ಟಿಯ ಕೊನೆಯಲ್ಲಿ ಹುಲ್ದಾ ಹೊಂಬಳ, ವರ: ಇನ್ನೂ ತಿಳಿದುಬಂದಿಲ್ಲ.

ಹುಲ್ದಾ ಅದನ್ನು ಎರಡು ಸಲ ಓದಿದರು. ಮನೆಗೆ ಬಂದು ಸೀರೆ ಬದಲಿಸಿ, ಶಿಫ್ಟ್ ಮುಗಿಸಿ ಬಂದ ಗಂಡನಿಗೆ ಚಹಾ ಕೊಟ್ಟು, ಎದುರಿಗೆ ಕುಳಿತು ಕೇಳಿದರು:

"ಎಲ್ಲಾರಿಗೂ ಒಂದರ ಕೊಟ್ಟಿರ್ತಾನ ಅಂದ್ರು ಅಯ್ಯನವರು. ನನಗ ಏನೂ ಕೊಟ್ಟಿಲ್ಲೇನ್ರಿ ಅವಾ?"

"ನನ್ನ ಕೊಟ್ಟಾನಲ್ಲ," ಎಂದ ಜಯಶೀಲ.

ಬೇರೆ ದಿನವಾಗಿದ್ದರೆ ಹುಲ್ದಾ ನಕ್ಕು, ಅದು ವರವೋ ಶಿಕ್ಷೆಯೋ ಎಂದು ಕೇಳುತ್ತಿದ್ದರು. ಅವತ್ತು ನಗಲಿಲ್ಲ. ಅವರಿಗೆ ನಿಜವಾಗಿಯೂ ನೋವಾಗಿತ್ತು. ಪಾಂಡೇಸರಾ ತಪ್ಪಿದ್ದು ಒಂದು ನೋವು. ಅದಕ್ಕಿಂತ ದೊಡ್ಡದು, ಇಷ್ಟು ವರ್ಷ ತಾನು ನಂಬಿದವನು ಹಂಚುವಾಗ ತನ್ನನ್ನು ಮರೆತನೇ ಎನ್ನುವುದು. ಜಯಶೀಲನಿಗೆ ಅದು ಅರ್ಥವಾಯಿತು, ಎದ್ದು ಹೋಗಿ ಅವರಿಗೂ ಚಹಾ ಸೋಸಿ ತಂದ.

೫

ನನಗೆ ಹುಲ್ದಾ ಅವರ ಮೇಲೆ ಮಮತೆ ಬಂದುಬಿಟ್ಟಿದೆ. ಹಾಗಾಗಿ ಒಂದು ಒಳ್ಳೆಯ ಮುಕ್ತಾಯ ಕೊಡಬೇಕೆಂದು ಹೊರಟೆ.

ಮುಕ್ತಾಯ ಒಂದು. ಅಹಮದಾಬಾದಿನಲ್ಲಿ ಕನ್ನಡ ಸಭೆಗಳ ಕೂಟ, ಅಲ್ಲಿನವರು, ವಡೋದರದವರು, ಸೂರತ್ತಿನವರು ಎಲ್ಲ ಸೇರಿ. ಒಂದು ಮಗುವಿಗೆ ವಿಪರೀತ ಜ್ವರ. ಹುಲ್ದಾ ಅದರ ಹಣೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚುತ್ತಾರೆ. ಜ್ವರ ಇಳಿಯುತ್ತದೆ. ಎಲ್ಲರೂ—

"ಒಂದ್ ನಿಮಿಷ," ಎಂದರು ಹುಲ್ದಾ. "ಆ ಕೂಸಿಗೆ ಜ್ವರಾ ಯಾಕ ಬರಿಸಿದ್ರಿ?"

"ನಿಮ್ಮ ವರ ಕಾಣಿಸಬೇಕಲ್ಲ."

"ನನಗ ವರಾ ಕೊಡಾಕ ಕೂಸು ಮಲಗಬೇಕೇನ್ರಿ? ಮದಲ ಅದನ್ನ ಆರಾಮ ಮಾಡ್ರಿ."

ಮಾಡಿದೆ. ಮಗು ಈಗ ಆಟವಾಡುತ್ತಿದೆ, ಕಥೆಯಿಂದ ಹೊರಗೆ.

ಮುಕ್ತಾಯ ಎರಡು. ಹೊಸ ತಂಡ ಪಾಂಡೇಸರಾಕ್ಕೆ ಹೋಗುತ್ತದೆ. ಬೋಧನೆ ಯಾರಿಗೂ ತಲೆಗೆ ಹತ್ತುವುದಿಲ್ಲ, ಹೆಂಗಸರು ಬಾಗಿಲ ಕಡೆ ನೋಡುತ್ತಾ 'ಅಕ್ಕಾರು ಎಲ್ಲಿ' ಎನ್ನುತ್ತಾರೆ.

"ಅವರನ್ನ ಯಾಕ ಸಣ್ಣವರನ್ನ ಮಾಡ್ತೀರಿ? ಅವರು ಚೊಲೊ ಮಾತಾಡ್ತಾರ. ನನ್ನ ಎತ್ತಾಕ ಅವರನ್ನ ಕೆಡವಬ್ಯಾಡ್ರಿ."

ನನಗೆ ಸ್ವಲ್ಪ ಸಿಟ್ಟು ಬಂತು. "ಹಾಗಾದರೆ ನಿಮಗೆ ಏನು ಬೇಕು, ನೀವೇ ಹೇಳಿ."

"ಎರಡನೇ ಐತವಾರ ಬಂತು. ಪಾಂಡೇಸರಾಕ್ಕ ಒಂದ್ ಟಿಕೀಟು ತಗೀರಿ."

ತೆಗೆದೆ. ನಾನು ಈ ಕಥೆಗೆ ಮಾಡಿದ ಉಪಯೋಗಕ್ಕೆ ಬರುವ ಕೆಲಸ ಅದೊಂದೇ.

೬

ವಡೋದರದ ಪ್ಲಾಟ್‌ಫಾರ್ಮಿನಲ್ಲಿ ಹುಲ್ದಾರನ್ನು ಕಂಡು ಪಾಸ್ಟರ್ ತಬ್ಬಿಬ್ಬಾದರು. "ಆಂಟಿ, ನೀವು ಈ ಸಲ..."

"ನಾ ಸೇವಾಕ್ಕ ಬಂದಿಲ್ಲ ಅಯ್ಯನವರ. ಮಂದೀನ ನೋಡಾಕ ಹೊಂಟೇನಿ. ಅದಕ್ಕ ವರಾ ಬೇಕಾಗಂಗಿಲ್ಲಲ್ಲ?"

ವ್ಯಂಗ್ಯವಿರಲಿಲ್ಲ, ನಿಜವಾಗಿಯೇ ಕೇಳಿದ್ದು. ಪಾಸ್ಟರ್ ಅವರಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟರು.

ಪಾಂಡೇಸರಾದ ಕೋಣೆಯಲ್ಲಿ ಹಾಡು, ಬೋಧನೆ ಎಲ್ಲ ಚೆನ್ನಾಗಿಯೇ ನಡೆದವು. (ನೋಡಿ, ಕೆಡವಲಿಲ್ಲ.) ಆಮೇಲೆ ಪಾಸ್ಟರ್ ಅದೇ ಫಾರ್ಮನ್ನು, ಈ ಸಲ ಕನ್ನಡದಲ್ಲಿ ಮಾಡಿಸಿ ತಂದದ್ದನ್ನು, ಎಲ್ಲರಿಗೂ ಹಂಚಿದರು. ಓದು ಬಾರದವರಿಗೆ ಬಂದವರು ಓದಿ ಹೇಳಿದರು. ಕೋಣೆ ಪರೀಕ್ಷಾ ಕೊಠಡಿಯಷ್ಟು ಗಂಭೀರವಾಯಿತು. ಹುಲ್ದಾ ಹಿಂದಿನ ಗೋಡೆಗೆ ಒರಗಿ ಕುಳಿತಿದ್ದರು.

ಹನುಮಂತ ಎದ್ದು ಅವರ ಹತ್ತಿರ ಬಂದ. ಗಿರಣಿಯಲ್ಲಿ ಬಣ್ಣದ ತೊಟ್ಟಿಯ ಮೇಲೆ ಕೆಲಸ. ಈ ವಾರ ಅವನ ಕೈ ಮಣಿಕಟ್ಟಿನವರೆಗೆ ನೀಲಿ. (ವಿಶ್ವಾಸಿಯಾದ ಮೇಲೂ ಹನುಮಂತನೇ? ಹೆಸರು ಬದಲಿಸಲೇ ಎಂದು ಕೇಳಿದ್ದೆ. "ಅವರವ್ವ ಇಟ್ಟ ಹೆಸರು, ನಿಮಗ್ಯಾಕ?" ಎಂದಿದ್ದರು ಹುಲ್ದಾ.)

"ಅಕ್ಕಾರೆ, ಕರುಣೆಯ ವರ ಅಂತೈತಿ. ಸೊನ್ನೆ ಹಾಕೀನಿ. ಸರಿ ಐತಿಲ್ಲ?"

ಹುಲ್ದಾ ಹಾಳೆ ನೋಡಿದರು. ಮೇಲಿಂದ ಕೆಳಗಿನವರೆಗೂ ಸೊನ್ನೆ. ಪಕ್ಕದ ಹಾಳೆಯಲ್ಲೂ ಅದೇ. ಅವರು ಗೋಡೆ ಬಿಟ್ಟು ಮುಂದೆ ಸರಿದು ಕುಳಿತರು.

"ಮರಿಯಮ್ಮನ ಗಂಡ ದವಾಖಾನ್ಯಾಗ ಬಿದ್ದಾಗ ಹದಿನಾಕು ದಿನ ಊಟದ ಡಬ್ಬಿ ಒಯ್ದಾಂವ ಯಾರು?"

"ಅದೇನ್ ದೊಡ್ಡದು ಅಕ್ಕಾರೆ. ದಾರ್ಯಾಗೇ ಇತ್ತು."

"ದವಾಖಾನಿ ಊರಿನ ಆ ತುದಿಗೈತಿ. ನಿನ್ನ ದಾರ್ಯಾಗ ಎಲ್ಲಿಂದ ಬಂತು? ಹೊಡದು ಹಾಕು ಆ ಸೊನ್ನೀನ. ಐದು ಹಾಕು."

ಹನುಮಂತ ಹಾಕಿದ. ಹುಲ್ದಾ ಪಕ್ಕದಲ್ಲೇ ಕುಳಿತಿದ್ದ ಮರಿಯಮ್ಮನ ಕಡೆ ತಿರುಗಿದರು. "ನೀ ಏನ್ ಹಾಕೀದಿ ನಂಬಿಕಿಗೆ? ಸೊನ್ನೀನ? ನಿನ್ನ ಗಂಡ ಇನ್ನ ಏಳಂಗಿಲ್ಲ ಅಂತ ಡಾಕ್ಟರ್ ಅಂದ ದಿನ ನೀ ಹೋಗಿ ಅವನ ಹರಿದ ಚಪ್ಪಲಿ ಹೊಲಿಸಿಕೊಂಡು ಬಂದಿ. ಐದು ಹಾಕು."

ಹೀಗೆ ಒಬ್ಬೊಬ್ಬರದೂ. ಯಾರು ಯಾವಾಗ ಯಾರಿಗೆ ಏನು ಮಾಡಿದ್ದರೆಂದು ಮಾಡಿದವರಿಗೇ ಮರೆತಿತ್ತು. ಹುಲ್ದಾಗೆ ದಿನ ಸಮೇತ ನೆನಪಿತ್ತು. ಜನ ನಾಚಿದರು, ನಕ್ಕರು, ಇಬ್ಬರು ಅತ್ತರು, ಆದರೆ ತಿದ್ದಿದರು. ಪಾಸ್ಟರ್ ತಮ್ಮ ಲ್ಯಾಪ್‌ಟಾಪ್ ಮುಚ್ಚಿಟ್ಟು ಕೇಳುತ್ತಾ ಕುಳಿತಿದ್ದರು.

"ಆಂಟಿ," ಎಂದರು ಕೊನೆಗೆ, "ಅಂಕ ಹಾಕುವುದನ್ನು ಅವರವರ ಕೈಗೇ ಕೊಟ್ಟದ್ದು ನನ್ನದೇ ತಪ್ಪು. ನಮ್ಮವರ ಹತ್ರ ಹಾಗೆ ಕೇಳ್ಬಾರ್ದಿತ್ತು."

"ಅದೆಲ್ಲ ನನಗ ತಿಳಿಯಂಗಿಲ್ಲ ಅಯ್ಯನವರ. ನನಗ ಬಂದದ್ದು ಒಂಬತ್ತು."

೭

ಓದುಗರೇ, ಇಲ್ಲಿ ನಿಲ್ಲಿಸಬಹುದಿತ್ತು. 'ಇತರರ ವರಗಳನ್ನು ಕಾಣುವುದೇ ಆಕೆಯ ವರವಾಗಿತ್ತು' ಎಂದು ಬರೆದು, ಕೆಳಗೆ ನನ್ನ ಹೆಸರು ಹಾಕಿ ಕಳಿಸಬಹುದಿತ್ತು. ಬರೆದೂ ಇದ್ದೆ. ಹುಲ್ದಾ ಅದಕ್ಕೆ ಏನೂ ಅನ್ನಲಿಲ್ಲ, ಏಕೆಂದರೆ ಅವರು ನನ್ನ ಮಾತು ಕೇಳುತ್ತಿರಲಿಲ್ಲ. ಹನುಮಂತ ಏನೋ ಹೇಳುತ್ತಿದ್ದ.

"ಅಯ್ಯನವರೆ, ಅಕ್ಕಾರ ಹೆಸರಿಗೆ ಒಂದು ಖಾಲಿ ಫಾರಂ ಕೊಡ್ರಿ. ಅದನ್ನ ನಾವು ಬರೀತೀವಿ."

"ಏ, ಬ್ಯಾಡೋ," ಎಂದು ಹುಲ್ದಾ ಚೀಲ ಎತ್ತಿಕೊಂಡರು. "ರೈಲಿಗೆ ಹೊತ್ತಾತು."

ಮರಿಯಮ್ಮ ಅವರ ಕೈ ಹಿಡಿದು ಕೂರಿಸಿದಳು. ಹನುಮಂತ ಓದಲು ಕಲಿತದ್ದು ಮೂರು ವರ್ಷದ ಹಿಂದೆ. ಅಕ್ಷರದ ಕೆಳಗೆ ನೀಲಿ ಬೆರಳಿಟ್ಟು ಒಂದೊಂದೇ ಪ್ರಶ್ನೆ ಓದಿದ. ಒಂದೊಂದಕ್ಕೂ ಕೋಣೆಯಲ್ಲಿ ಚರ್ಚೆ. ಬೋಧನೆಗೆ ಒಂದೇ ಸಾಕು ಎಂದು ಯಾರೋ ಪ್ರಾಮಾಣಿಕವಾಗಿ ಹೇಳಿದರು, ಎಲ್ಲರೂ ಒಪ್ಪಿದರು. ಹುಲ್ದಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಐದೂವರೆಯ ರೈಲು ಹೋಯಿತು.

ಅರವತ್ತೂ ಮುಗಿದ ಮೇಲೆ ಮರಿಯಮ್ಮ, "ಇನ್ನೊಂದು ಉಳೀತು," ಎಂದಳು. "ಅಕ್ಕಾರು ಮದಲ್ನೇ ಸಲ ಬಂದಾಗ ಸೀದಾ ನನ್ನ ಮನಿಗೆ ಬಂದು ಕುಡಿಯಾಕ ನೀರು ಕೇಳಿದ್ರು. ನಮ್ಮೂರಾಗ ನಮ್ಮ ಮನ್ಯಾಗ ಯಾರೂ ನೀರು ಕೇಳಿದ್ದಿಲ್ಲ. ನಾ ಆ ದಿನ ಚರಿಗಿ ಎರಡು ಸಲ ತಿಕ್ಕಿ ಕೊಟ್ಟೆ."

"ನೀರಡಿಕಿ ಆಗಿತ್ತು, ಕುಡದೆ," ಎಂದರು ಹುಲ್ದಾ ಸೆರಗಿನೊಳಗಿಂದ.

"ಇದಕ್ಕ ಯಾವ ವರ ಅಂತಾರ ಅಯ್ಯನವರೆ?"

ಪಾಸ್ಟರ್ ಫಾರ್ಮ್ ತಿರುವಿ ನೋಡಿದರು. ಅದರಲ್ಲಿರಲಿಲ್ಲ. "ಹಿಂದೆ ಖಾಲಿ ಉಂಟಲ್ಲ, ಅಲ್ಲಿ ಬರೆಯಿರಿ," ಎಂದರು.

ಹನುಮಂತ ಹಾಳೆ ಮಗುಚಿ ಅರವತ್ತೊಂದು ಎಂದು ಬರೆದ. ಗೋಡೆಯ ಬಳಿಯಿಂದ ಒಬ್ಬಳು ಅರವತ್ತೆರಡಕ್ಕೆ ಕೈ ಎತ್ತಿದಳು, ಅವಳ ಹಿಂದೆ ಇನ್ನೊಬ್ಬ. ಒಟ್ಟು ಎಷ್ಟಾಯಿತೆಂದು ನಿಮಗೆ ಹೇಳಬೇಕೆಂದು ನಾನು ಅವನ ಹೆಗಲ ಮೇಲಿಂದ ಇಣುಕಿದೆ. ಅವನು ತೋಳು ಅಡ್ಡ ಇಟ್ಟುಕೊಂಡ. ಕಥೆಗಾರನಿಗೆ ತೋರಿಸಬೇಕೆಂದು ಯಾವ ನಿಯಮವೂ ಇಲ್ಲವಂತೆ.

ಆಗ ಹುಲ್ದಾ ಸೆರಗು ಸ್ವಲ್ಪ ಸರಿಸಿದರು. ಇಷ್ಟು ಹೊತ್ತು ಬೇಡ ಬೇಡವೆನ್ನುತ್ತಿದ್ದವರು ಮೆಲ್ಲಗೆ ಕೇಳಿದರು:

"ಎಷ್ಟಾತೋ ಹನುಮಂತಾ?"

"ಇನ್ನ ಮುಗಿದಿಲ್ಲ ಅಕ್ಕಾರೆ. ಕುಂದರ್ರಿ."