ಫೋಟೋ ನೋಡಿ ಕೊಂಡ ಮನೆ

ಮಂಕಿ ಊರಿನ ಕಡಲ ದಂಡೆಯಲ್ಲಿ ಸುಬ್ಬಿಯ ಮನೆ ಹರಾಜಿಗೆ ಬಂದಾಗ ಕೇರಿಯವರು ಯಾರೂ ಸವಾಲು ಕೂಗಲಿಲ್ಲ. ಗಂಡ ದೋಣಿಗೆಂದು ಸಂಘದಲ್ಲಿ ಮಾಡಿದ ಸಾಲ, ಅವನು ಸತ್ತ ಮೇಲೆ ಸೂರನ್ನೇ ಹಿಡಿದಿತ್ತು. ಒಲೆ ಉರಿಯುವ ಮನೆಗೆ ನೆರೆಯವನು ಬೆಲೆ ಕಟ್ಟಬಾರದು. ಕಟ್ಟಿದವನು ಕುಮಟೆಯ ವೆಂಕಟ, ಮಸ್ಕತ್ತಿನಲ್ಲಿದ್ದ ಭಾವ ರಮಾನಂದನ ಹೆಸರಿನಲ್ಲಿ. ಬೇಸಿಗೆಯಲ್ಲಿ ತೆಗೆದ ಫೋಟೋ ಒಂದು ವಿಮಾನ ಹತ್ತಿತು: ಬಿಳಿ ಮರಳು, ತೆಂಗು, ಬರಿದಾದ ದೊಡ್ಡ ಅಂಗಳ. ರಮಾನಂದನಿಗೆ ಅಷ್ಟೇ ಸಾಕಾಯಿತು. ದೇವರು ಕೊಟ್ಟ ಕಣ್ಣನ್ನು ಕೆಲವರು ಅಂಚೆಗೆ ಹಾಕಿ ನೋಡುತ್ತಾರೆ.

ಶಿರಾಲಿಯಲ್ಲೂ ಹೀಗೇ ಒಂದನ್ನು ಕೊಂಡಿದ್ದನಂತೆ. ಸಾಲದಲ್ಲಿ ಮುಳುಗಿದವರ ಮನೆ ಅಗ್ಗ ಎಂದು ಊರೂರಿಗೆ ಬುದ್ಧಿ ಹೇಳುತ್ತಿದ್ದನಂತೆ.

ಹೊಸ ಒಡೆಯರು ಬಂದ ದಿನ ಹೊರಡಬೇಕೆಂದು ವೆಂಕಟ ಸುಬ್ಬಿಗೆ ತಾಕೀತು ಮಾಡಿ ಹೋದ. ಎಲ್ಲಿಗೆ ಎಂದು ಅವನು ಹೇಳಲಿಲ್ಲ, ಅವಳಿಗೂ ತಿಳಿದಿರಲಿಲ್ಲ. ತವರಿನಲ್ಲಿ ಬಾಗಿಲು ತೆರೆಯುವವರು ಯಾರೂ ಉಳಿದಿರಲಿಲ್ಲ.

ಮಳೆ ಹಿಡಿದ ಮೇಲೆ ರಮಾನಂದ ಬಂದ, ಸೆಂಟು ಪೂಸಿಕೊಂಡು. ಮನೆ ಬಾಡಿಗೆಗೆ, ಅಂಗಳದಲ್ಲಿ ಗೋದಾಮು ಎಂಬುದು ಅವನ ಯೋಚನೆ. ನೋಡಿದರೆ ಅಂಗಳದ ತುಂಬ ಕೇರಿಯ ದೋಣಿಗಳು ತೆಂಗಿನ ಮಡಲು ಹೊದ್ದು ಮಲಗಿದ್ದವು. ಮಳೆಗಾಲಕ್ಕೆ ದೋಣಿಗಳನ್ನು ಅಲ್ಲಿಗೇ ಎಳೆದು ಏರಿಸುವುದು ಅಜ್ಜಂದಿರ ಕಾಲದ ರೂಢಿ.

ಈಗಲೇ ತೆಗೆಯಬೇಕೆಂದು ಅವನು ಕೇರಿಯ ಹಿರಿಯ ಶನಿಯಾರನ ಮೇಲೆ ರೇಗಿದ.

"ದೋಣಿ ಏರಿಸಿ ಕಾಯಿ ಒಡ್ದಾತು ಒಡಿಯಾ," ಎಂದ ಶನಿಯಾರ. "ಇನ್ನು ನೂಲು ಹುಣ್ಣಿಮಿಗೇ ಇಳಿಸೂದು. ನಡುವೆ ಮುಟ್ಟಿದವಗೆ ಕಡಲು ಒಲಿಯೂದಿಲ್ಲ."

ಪೊಲೀಸರನ್ನು ಕರೆಸುತ್ತೇನೆಂದ ರಮಾನಂದ. ಕರೆಸಿ, ಆ ಮೂಲೆಯ ದೋಣಿ ಪೊಲೀಸನ ಅಣ್ಣನದೇ ಎಂದ ಶನಿಯಾರ.

ಅವನು ಕರೆತಂದ ಕೂಲಿಯವರು ದೋಣಿಗೆ ಕೈ ಹಚ್ಚಲಿಲ್ಲ. ಬಾಡಿಗೆಗೆ ಬಂದವರು ಅಂಗಳ ನೋಡಿ ಹಿಂದಿರುಗಿದರು. ಹುಣ್ಣಿಮೆಗೆ ಮೊದಲೇ ಅವನ ರಜೆ ಮುಗಿಯುತ್ತಿತ್ತು. ಒಲೆಯ ಹೊಗೆಯಾಡದ ಮಣ್ಣಿನ ಮನೆ ಒಂದೇ ಮಳೆಗಾಲಕ್ಕೆ ಕರಗುತ್ತದೆಂದು ವೆಂಕಟ ಈಗ ಬಾಯಿಬಿಟ್ಟ. ಗಂಟು ಕಟ್ಟಿಕೊಂಡು ಕೂತಿದ್ದ ಸುಬ್ಬಿಯ ಕಡೆ ಒಡೆಯರು ಮೊದಲ ಸಲ ತಿರುಗಿದರು. ನೀನೇ ಇರು, ಬಾಡಿಗೆ ಹೆಚ್ಚು ಕೇಳುವುದಿಲ್ಲ ಎಂದು ದೊಡ್ಡ ಮನಸ್ಸು ತೋರಿದರು.

"ಮನೆ ಕಾಯೂಕೆ ಹೇಳ್ತ್ರಿ, ಮತ್ತೆ ನಂಗೇ ಬಾಡಿಗೆ ಕೇಳ್ತ್ರಿ," ಎಂದಳು ಸುಬ್ಬಿ. "ಮಸ್ಕತ್ತಲ್ಲಿ ಕಾವಲಿನವ್ರೇ ಒಡೆಯಗೆ ಸಂಬಳ ಕೊಡ್ತ್ರಾ?"

ದೋಣಿಗೆ ಒರಗಿ ನಿಂತವರು ನಕ್ಕರು. ರಮಾನಂದ ಬಾಡಿಗೆಯ ಮಾತು ನುಂಗಿದ.

"ಆತು, ಇರ್ತೆ," ಎಂದಳು ಸುಬ್ಬಿ. "ಆದ್ರೆ ಒಲೆ ಮೇಲೆ ಸೋರ್ತದೆ. ಮಾಡಿಗೆ ಹೆಂಚು ಹೊದಿಸೂದು ಮನೆ ಒಡೆಯನ ಕೆಲಸ, ಅಲ್ದಾ?"

ಹೆಂಚು ತರಲು ವೆಂಕಟ ಮಳೆಯಲ್ಲೇ ಹೊನ್ನಾವರಕ್ಕೆ ಹೊರಟ. ಸುಬ್ಬಿ ಗಂಟು ಬಿಚ್ಚಿ ಅಕ್ಕಿ ತೆಗೆದಳು.